ಮಾವನ ದೋಣಿಗೆ ಹಾಕಿದ ಕೊಕ್ಕೆಗಳು

ನಮ್ಮ ಕೆರೆ ದೋಣೀಲಿ ಮೊದಲು ಒಂದು ಸಾಮಾನೂ ಅದರ ಜಾಗದಲ್ಲಿ ಇರ್ತಿರಲಿಲ್ಲ. ತಗಡಿನ ಚಪ್ಪಟೆ ದೋಣಿ ಅದು, ಇಬ್ಬರು ಹೋಗಿ ನೀರಿನ ಮೇಲೆ ಹಬ್ಬೋ ಅಂತರಗಂಗೆ ಕಳೆ ಎಳೆದು, ತೇಲೋ ಕಸ ಎತ್ತಿ ತುಂಬಿಕೊಂಡು ಬರೋಕೆ ಅಂತ ಮಾಡಿಸಿದ್ದು. ಕುಡುಗೋಲು ಕಾಲಡಿಗೆ, ಅದರ ಮೇಲೆ ಹಗ್ಗ, ಹಗ್ಗದ ಮೇಲೆ ಬುತ್ತಿ ಚೀಲ, ಬುತ್ತಿ ಚೀಲದ ಮೇಲೆ ಕೊಳೆತ ಜೊಂಡು. ಮಧ್ಯಾಹ್ನ ಡಬ್ಬಿ ಬಿಚ್ಚಿದ್ರೆ ಚಿತ್ರಾನ್ನಕ್ಕೂ ಕೆರೆ ವಾಸನೆ. ನಾನು ಬೈತಿದ್ದೆ. ಮಾವ ನಗ್ತಿದ್ರು. "ಕೆರೇಲಿ ಕುಂತು ಉಣ್ಣೋರ್ಗೆ ಕೆರೆ ವಾಸ್ನೆ ಬರ್ದೆ ಮಲ್ಗೆ ವಾಸ್ನೆ ಬತ್ತದಾ?" ಅಂತಿದ್ರು.

ಮಾವ ಅಂದ್ರೆ ನಮ್ಮೆಜಮಾನ್ರ ಅಪ್ಪ. ಹೆಬ್ಬಗೋಡಿಯಿಂದ ಒಳಗೆ ಬಂದ್ರೆ ನಮ್ಮೂರು. ಊರು ಅನ್ನೋದಕ್ಕೆ ಈಗ ಉಳಿದಿರೋದು ಒಂದು ಅರಳಿಕಟ್ಟೆ, ಒಂದು ಮಾರಮ್ಮನ ಗುಡಿ, ನಮ್ಮಂಥ ಒಂದಷ್ಟು ಮನೆ. ಮಿಕ್ಕಿದ್ದೆಲ್ಲ ಅಪಾರ್ಟ್‌ಮೆಂಟು, ಪಿಜಿ, ಕಂಪನಿ ಕಾಂಪೌಂಡು. ಕೆರೆ ಮಾತ್ರ ಹೆಂಗೋ ಬದುಕಿಕೊಂಡಿದೆ. ಮಾವ ಮೀಸೆ ಬರೋಕೆ ಮುಂಚೆಯಿಂದ ಅದರಲ್ಲಿ ತೆಪ್ಪ ಬಿಟ್ಟು ಮೀನು ಹಿಡಿದೋರು. ನೀರು ಕೆಟ್ಟು ಮೀನು ಹೋದ ಮೇಲೆ ಒಂದಷ್ಟು ವರ್ಷ ಸುಮ್ನೆ ಕೂತಿದ್ರು. ಆಮೇಲೆ ಅಪಾರ್ಟ್‌ಮೆಂಟಿನೋರು ಸೇರಿ ಕೆರೆ ಸಮಿತಿ ಅಂತ ಮಾಡಿಕೊಂಡ್ರು, ದೋಣಿ ಮಾಡಿಸಿದ್ರು, ನಡೆಸೋಕೆ ಮಾವನ್ನ ಕರೆದ್ರು. ದೋಣಿ ಸಮಿತೀದು. ಆದ್ರೆ ಊರಲ್ಲಿ ಯಾರನ್ನ ಕೇಳಿದ್ರೂ ಅದು ಮಾವನ ದೋಣಿ ಅಂತಾನೇ ಅಂತಾರೆ.

ನಾನು ಆಗ ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸಲ್ಲಿ ಕಾಲರ್ ಹೊಲಿಯೋಳು. ನನ್ನ ಬಾಯಿ ಸ್ವಲ್ಪ ಜೋರು, ಅದನ್ನ ಮುಚ್ಚಿಟ್ಟು ಏನು ಪ್ರಯೋಜನ. ಬಾತ್‌ರೂಮಿಗೆ ಹೋದ್ರೂ ವಾಚು ನೋಡಿಕೊಂಡು ಬಾಗಿಲಲ್ಲಿ ನಿಲ್ಲೋ ಸೂಪರ್‌ವೈಸರ್ ಒಬ್ಬ ಇದ್ದ. ಒಂದಿನ ಇಡೀ ಲೈನಿಗೆ ಕೇಳೋ ಹಾಗೆ ಅವನಿಗೆ ಮಂಗಳಾರತಿ ಎತ್ತಿ, ಐಡಿ ಕಾರ್ಡ್ ಅವನ ಟೇಬಲ್ ಮೇಲೆ ಬಿಸಾಕಿ ಬಂದ್ಬಿಟ್ಟೆ. ಮನೇಲಿ ನಮ್ಮೆಜಮಾನ್ರು ಎರಡು ದಿನ ಮಾತಾಡಲಿಲ್ಲ. ಅವರು ಕಂಪನಿ ಬಸ್ ಓಡಿಸ್ತಾರೆ, ದಿನಾ ನೂರು ಜನರ ಮಾತು ಕೇಳಿ ಸುಮ್ನಿರೋ ಅಭ್ಯಾಸ, ನನ್ನ ಥರ ಅಲ್ಲ. ಮಾವ ಮಾತ್ರ ಬೀಡಿ ಆರಿಸಿ, "ನಾಳೆಯಿಂದ ನನ್ ಜೊತೆ ದೋಣಿಗ್ ಬಾರವ್ವಾ. ಅಲ್ಲಿ ಬೈಯೋಕೆ ನಾನೊಬ್ನೇ ಇರೋದು," ಅಂದ್ರು.

ಹಂಗೆ ಹೋದೋಳು ನಾನು. ದೋಣೀಲಿ ಹೆಂಗೆ ನಿಲ್ಲಬೇಕು, ಗಳ ಊರಿ ಹೆಂಗೆ ತಳ್ಳಬೇಕು, ಅಂತರಗಂಗೆ ಹಾಸನ್ನ ಯಾವ ತುದಿಯಿಂದ ಎಳೆದ್ರೆ ಸಲೀಸಾಗಿ ಬರುತ್ತೆ, ಎಲ್ಲಾ ಅವರೇ ಹೇಳಿಕೊಟ್ಟಿದ್ದು. ನಮ್ಮಪ್ಪ ನಾನು ಚಿಕ್ಕೋಳಿದ್ದಾಗಲೇ ಹೋದೋರು. ಒಬ್ಬ ಗಂಡಸು ಎದುರಿಗೆ ಕೂತು, ತಪ್ಪು ಮಾಡಿದ್ರೆ ಗದರಿ, ಸರಿ ಮಾಡಿದ್ರೆ "ಆಂ, ಅಂಗೆ" ಅನ್ನೋದು ನನಗೆ ಹೊಸದು. ಮಾವನ್ನ ಕಂಡ್ರೆ ನನಗೆ ತುಂಬಾ ಪ್ರೀತಿ. ಅದನ್ನ ಅವರಿಗೆ ಯಾವತ್ತೂ ಹೇಳಿಲ್ಲ, ನಮ್ಮ ಮನೆಗಳಲ್ಲಿ ಹೇಳೋ ಪದ್ಧತಿ ಇಲ್ಲ.

ಆಮೇಲೆ ಅವರ ಕಣ್ಣು ಕೈ ಕೊಡೋಕೆ ಶುರುವಾಯ್ತು. ಮೊದಲು ನಮಗೆ ಗೊತ್ತಾಗಲಿಲ್ಲ. ದೋಣಿಗೆ ನೆರಳಿಗೆ ಅಂತ ಹಾಕಿದ ಪೈಪಿಗೆ ತಲೆ ಹೊಡೆಸಿಕೊಳ್ಳೋರು. ಪಕ್ಕದಲ್ಲೇ ಬಿದ್ದಿರೋ ಕುಡುಗೋಲನ್ನ ದೋಣಿ ತುಂಬಾ ಹುಡುಕೋರು. "ಎದುರಿಗೇ ಇದೆಯಲ್ಲ ಮಾವ!" ಅಂತ ನಾನು ರೇಗೋದು. ಎದುರಿಗೆ ಇದ್ದಿದ್ರೆ ಕಾಣ್ತಿತ್ತು. ಪಕ್ಕಕ್ಕೆ ಇದ್ದಿದ್ದೇ ಕಾಣ್ತಿರಲಿಲ್ಲ.

ಸಮಿತಿ ಸೆಕ್ರೆಟರಿ ಮೇಡಂ ತಮ್ಮ ಕಾರಲ್ಲೇ ನಮ್ಮಿಬ್ಬರನ್ನೂ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋದ್ರು. ಅವರು ಹಾವೇರಿ ಕಡೆಯೋರು, ಬ್ಯಾಂಕಲ್ಲಿ ಇದ್ದು ರಿಟೈರ್ ಆದೋರು, ದಿನಾ ಬೆಳಗ್ಗೆ ಹಣೆ ತುಂಬಾ ವಿಭೂತಿ ಇಟ್ಟುಕೊಂಡು ಕೆರೆ ಸುತ್ತ ವಾಕಿಂಗ್ ಬರೋರು. ಡಾಕ್ಟರು ಏನೇನೋ ಮಿಷನ್ನಿಗೆ ಮಾವನ ಗದ್ದ ಇಡಿಸಿ ನೋಡಿ, ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ನರ ಸತ್ತಿದೆ, ಪಕ್ಕದ ನೋಟ ಹೋಗಿದೆ, ನಡುವೆ ಒಂದಿಷ್ಟು ಉಳಿದಿದೆ ಅಂದ್ರು. ಕೊಳವೇಲಿ ನೋಡಿದ ಹಾಗಂತೆ. ಹೋಗಿದ್ದು ವಾಪಸ್ ಬರಲ್ಲ, ದಿನಾ ಹನಿ ಹಾಕಿ ಇರೋದನ್ನ ಉಳಿಸಿಕೊಳ್ಳಬೇಕು ಅಂದ್ರು. ಏನು ಕೆಲಸ ಮಾಡ್ತೀರಿ ಅಂತ ಕೇಳಿದ್ರು. ಮಾವ ಹೇಳಿದ್ರು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ರು.

ಮನೆಗೆ ಬಂದ ಮೇಲೆ ನಮ್ಮೆಜಮಾನ್ರು, "ಸಾಕು ಬಿಡಪ್ಪ, ಮನೇಲಿರು. ಏನ್ ಕಮ್ಮಿಯಾಗಿದೆ ನಿನಗೆ?" ಅಂದ್ರು. ಒಳ್ಳೇ ಮನಸ್ಸಿಂದಲೇ ಅಂದಿದ್ದು. ನಾನು ಅಡುಗೆಮನೇಲಿ ಮುದ್ದೆ ತೊಳಸ್ತಿದ್ದೆ, ಮಾವ ಬಾಗಿಲ ಹತ್ರ ಬಂದು ನಿಂತ್ರು. "ನನ್ನ ದಡದ್ ಮೇಲೆ ಕೂರುಸ್ಬ್ಯಾಡ ಕಣವ್ವಾ. ಅಲ್ಲಿ ಕುಂತೋರ್ನ ದಿನಾ ನೋಡ್ತೀನಿ. ಟೀ ಕುಡೀತಾರೆ, ಯಾರ್ ಸತ್ರು ಅಂತ ಕೇಳ್ತಾರೆ, ಇನ್ನೊಂದ್ ಟೀ ಕುಡೀತಾರೆ." ಮುಖದಲ್ಲಿ ನಗು ಇತ್ತು, ಧ್ವನೀಲಿ ಇರಲಿಲ್ಲ. ಏನಾದ್ರೂ ಆಗಲಿ, ಇವರ ಕೈಯಿಂದ ದೋಣಿ ತಪ್ಪಬಾರದು ಅಂತ ಆವತ್ತೇ ಹಟ ಹಿಡಿದೆ.

ಮೇಡಂ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. "ನೀರಿನ ಕೆಲಸ ಐತಿ, ಹೆಚ್ಚು ಕಮ್ಮಿ ಆದ್ರ ಯಾರ ಹೊಣಿ?" ಅಂದ್ರು. "ನಾನು ಜೊತೇಲಿ ಇರ್ತೀನಲ್ಲ ಮೇಡಂ. ದೂರದ್ದು, ಪಕ್ಕದ್ದು ನಾನು ನೋಡ್ತೀನಿ. ಅವರು ದೋಣಿ ನಡೆಸ್ತಾರೆ. ಕೆರೆ ತಳ ಅವರಿಗೆ ಗೊತ್ತಿರೋಷ್ಟು ಇನ್ಯಾರಿಗೆ ಗೊತ್ತು?" ಅಂದೆ. ಕೊನೆಗೆ, ನೋಡೋಣ, ಆದ್ರ ದೋಣಿ ಒಳಗ ಈ ತಿಪ್ಪಿ ಇರಬಾರದು, ಎಡವಿ ಬೀಳತಾರ ಅಂದ್ರು. ಆ ಮಾತು ಸರಿಯಾಗಿತ್ತು. ಅಲ್ಲಿಂದಾನೇ ಕೊಕ್ಕೆ ಕೆಲಸ ಶುರುವಾಗಿದ್ದು.

ಗಾರ್ಮೆಂಟ್ಸಲ್ಲಿ ನಮ್ಮ ಮಿಷನ್ ಮೇಲೆ ಒಂದು ಕಂಬಿ ಇರ್ತಿತ್ತು. ಅದಕ್ಕೆ ಕೊಕ್ಕೆ, ಕೊಕ್ಕೆಗೆ ದಾರ, ದಾರದ ತುದೀಲಿ ನೂಲು ಕತ್ತರಿಸೋ ಟ್ರಿಮ್ಮರ್. ಕಣ್ಣು ಬಟ್ಟೆ ಬಿಟ್ಟು ಆ ಕಡೆ ಈ ಕಡೆ ಹೋಗಲ್ಲ. ಕೈ ತಾನಾಗೇ ಮೇಲೆ ಹೋಗುತ್ತೆ, ಹಿಡೀತದೆ, ಕತ್ತರಿಸ್ತದೆ, ಬಿಡ್ತದೆ. ವರ್ಷಗಟ್ಟಲೆ ಹಂಗೆ ಮಾಡಿದೋಳು ನಾನು, ಒಂದು ದಿನಕ್ಕೂ ತಲೆ ಎತ್ತಿ ನೋಡಿದೋಳಲ್ಲ. ಮಾವನ ದೋಣೀಲೂ ಹಂಗೇ ಮಾಡಿದ್ರೆ ಕಣ್ಣಿನ ಹಂಗು ಯಾಕೆ ಬೇಕು ಅನ್ನಿಸ್ತು.

ಹೆಬ್ಬಗೋಡಿ ಹಾರ್ಡ್‌ವೇರ್ ಅಂಗಡೀಲಿ ಮೊದಲು ಅಂಟಿಸೋ ಕೊಕ್ಕೆ ಕೊಟ್ಟ. ಸ್ಟಿಕ್ಕರ್ ಕಿತ್ತು ಗೋಡೆಗೆ ಒತ್ತಿದ್ರೆ ಆಯ್ತು ಅಂತ. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದು, ಎಲ್ಲಾ ಒಂದೊಂದಾಗಿ ಪಟ್ ಪಟ್ ಅಂತ ಉದುರಿದ್ವು. ಎರಡನೇ ಸಲ ಹೋಗಿ ಎಸ್ ಆಕಾರದ ಕಬ್ಬಿಣದ ಕೊಕ್ಕೆ ಕೇಳಿದೆ. ದೊಡ್ಡದೇ ಬೇಕು, ಇನ್ನೂ ಬೇಕು ಅಂತ ಆರಿಸ್ತಿದ್ರೆ ಅಂಗಡಿಯವನು, "ಮಟನ್ ಸ್ಟಾಲ್ ಇಡ್ತಿದೀರಾ ಅಕ್ಕ?" ಅಂದ. "ಹೂಂ, ಮೊದಲು ನಿನ್ನೇ ತೂಗಾಕ್ತೀನಿ, ಕೊಡಪ್ಪ ಸಾಕು," ಅಂದೆ.

ನೆರಳಿನ ಶೀಟು ಹೊತ್ತ ಪೈಪು ದೋಣಿಯ ಎರಡೂ ಕಡೆ ಉದ್ದಕ್ಕೆ ಇದ್ವು. ಅದಕ್ಕೇ ಕೊಕ್ಕೆ ಸಿಕ್ಕಿಸಿದೆ. ಮೊದಲ ದಿನ ದೋಣಿ ಅಲ್ಲಾಡಿದ ಹಾಗೆಲ್ಲ ಕೊಕ್ಕೆಗಳು ಜಾರಿ ಜಾರಿ ಒಂದೇ ಮೂಲೆಗೆ ಹೋಗಿ ಗುಂಪು ಕೂತ್ವು. ಮಗ್ಗು ನೀರಿಗೆ ಬಿತ್ತು, ಟವಲ್ಲು ಮಾವನ ಮುಖಕ್ಕೆ. "ಏನವ್ವಾ ಇದು, ದೋಣೀನಾ, ಗುಜರಿ ಅಂಗ್ಡೀನಾ!" ಅಂತ ಅವರು ಬಿದ್ದು ಬಿದ್ದು ನಕ್ರು. ಆಮೇಲೆ ಇಕ್ಕಳ ತಂದು ಪ್ರತಿ ಕೊಕ್ಕೆಯ ಮೇಲಿನ ಬಾಯನ್ನ ಪೈಪಿಗೆ ಬಿಗಿಯಾಗಿ ಅಮುಕಿದೆ. ಅದರ ಎರಡೂ ಪಕ್ಕ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದೆ. ಅಲ್ಲಿಗೆ ಜಾರೋದು ನಿಂತೋಯ್ತು. ಕೆಳಗಿನ ಬಾಯನ್ನ ಸ್ವಲ್ಪ ಒಳಕ್ಕೆ ಬಗ್ಗಿಸಿದ ಮೇಲೆ ಸಾಮಾನು ನೆಗೆದು ಬೀಳೋದೂ ನಿಂತೋಯ್ತು.

ಭಾರದ್ದು ನಡುವೆ, ಹಗುರದ್ದು ತುದೀಲಿ. ಒದ್ದೆಯಾಗೋದು ಹಿಂದೆ, ಬುತ್ತಿ ಚೀಲ ಎಲ್ಲಕ್ಕಿಂತ ಮುಂದೆ, ಯಾಕಂದ್ರೆ ಕೆರೆ ವಾಸನೆ ಚಿತ್ರಾನ್ನ ನನಗೆ ಸಾಕಾಗಿತ್ತು. ಮಾವ ಕೂರೋ ಜಾಗದಿಂದ ಬಲಗೈ ಚಾಚಿದ್ರೆ ಮೊದಲು ನೀರು ಎತ್ತಿ ಹಾಕೋ ಮಗ್ಗು, ಆಮೇಲೆ ಕುಡುಗೋಲು, ಆಮೇಲೆ ತುದಿಗೆ ಖಾಲಿ ಕ್ಯಾನು ಕಟ್ಟಿದ ಹಗ್ಗ. ಎಡಗೈಗೆ ಕಸ ಎತ್ತೋ ಜಾಲರಿ, ನೀರಿನ ಬಾಟಲಿ, ಟವಲ್ಲು. ಕುಡುಗೋಲಿಗೆ ಪ್ಲಾಸ್ಟಿಕ್ ಪೈಪು ಸೀಳಿ ಒರೆ ಮಾಡಿದೆ. ಅದರ ಕೊಕ್ಕೆಗೆ ಮಾತ್ರ ದಪ್ಪಗೆ ಬಟ್ಟೆ ಸುತ್ತಿದೆ, ಬೆರಳಿಗೆ ಬಟ್ಟೆ ತಗುಲಿದ್ರೆ ಹುಷಾರು ಅಂತ ಅರ್ಥ. ತೇಲೋ ಜಾಕೆಟ್ಟುಗಳು ಎರಡಿದ್ವು, ಸಮಿತಿಯೋರು ಕೊಟ್ಟಿದ್ದು. ಅವಕ್ಕೂ ಮುಂದುಗಡೆ ಒಂದೊಂದು ಕೊಕ್ಕೆ ಹಾಕಿದೆ.

ನಮ್ಮಿಬ್ಬರದು ಒಂದೇ ಕಟ್ಟುನಿಟ್ಟು: ತೆಗೆದಿದ್ದು ತೆಗೆದ ಕೊಕ್ಕೆಗೇ ವಾಪಸ್. ಒಂದು ಕ್ಷಣಕ್ಕೆ ಅಂತ ಕೆಳಗಿಡೋ ಹಾಗಿಲ್ಲ. ನಾನೇ ಮರೆತು ಇಟ್ಟರೆ ಮಾವ, "ಎಲ್ಲವ್ವಾ, ಕೊಕ್ಕೆ ಅಳ್ತಾ ಅದೆ," ಅನ್ನೋರು. ಹದಿನೈದು ದಿನಕ್ಕೆಲ್ಲ ಅವರ ಕೈ ಪಳಗಿಬಿಡ್ತು. ಗಳ ಊರಿ ನೇರ ನೋಡ್ತಾ ದೋಣಿ ನಡೆಸೋರು. ಕೈ ಬೇಕಾದ ಕಡೆ ಹೋಗೋದು, ಬೇಕಾದ್ದು ತರೋದು. ನೋಡಿದೋರು ಯಾರೂ ಇವರಿಗೆ ಕಣ್ಣು ಕಾಣಲ್ಲ ಅಂತ ಅನ್ನೋಕೆ ಸಾಧ್ಯ ಇರಲಿಲ್ಲ. ನನಗಂತೂ ಜಂಬ ಬಂದ್ಬಿಟ್ಟಿತ್ತು. ದಡದಲ್ಲಿ ಸಿಕ್ಕಿದೋರಿಗೆಲ್ಲ ಕರೆದು ಕರೆದು ತೋರಿಸ್ತಿದ್ದೆ.

ಎಡವಟ್ಟಾಗಿದ್ದು ಆಯುಧ ಪೂಜೆಗೆ. ನಮ್ಮ ಕಡೆ ಆವತ್ತು ಕಾರು, ಬಸ್ಸು, ಮಿಷನ್ನು, ಯಾವುದನ್ನೂ ಬಿಡಲ್ಲ, ದೋಣಿ ಬಿಡ್ತೀವಾ? ದೋಣಿ ದಡಕ್ಕೆ ಎಳೆದು, ಕೊಕ್ಕೆಯಿಂದ ಎಲ್ಲಾ ಇಳಿಸಿ, ತೊಳೆದು, ಚಾಪೆ ಮೇಲೆ ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಇಟ್ವಿ. ಮೇಡಂ ಬಂದು ಪ್ರತಿಯೊಂದಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದ್ರು. ಬಾಳೆಕಂದು ಕಟ್ಟಿದ್ವಿ. ನಿಂಬೆಹಣ್ಣಿನ ಹತ್ರ ತಕರಾರು ಬಂತು. ಗಾಡಿಗಾದ್ರೆ ಚಕ್ರದ ಕೆಳಗೆ ಇಟ್ಟು ಹತ್ತಿಸ್ತಾರೆ, ದೋಣಿಗೆ ಚಕ್ರ ಎಲ್ಲಿ? ಮೂತಿ ಕೆಳಗೆ ಇಡಬೇಕು ಅಂತ ಮಾವ, ಬ್ಯಾಡ್ರಿ ತಗಡು ಡೊಂಕಾಗತದ ಅಂತ ಮೇಡಂ. ಒಂದು ನಿಂಬೆಹಣ್ಣಿಗೆ ತಗಡು ಡೊಂಕಾಗೋದಾದ್ರೆ ನಾವು ಇಷ್ಟು ದಿನ ಮುಳುಗದೇ ಇದ್ದಿದ್ದೇ ಹೆಚ್ಚು ಅಂತ ನಾನು. ಕೊನೆಗೆ ಮಾವ ಹೇಳಿದ ಹಾಗೇ ಆಯ್ತು. ಬೂದಗುಂಬಳ ಒಡೆದು, ಯಾರಾದ್ರೂ ಜಾರ್ತಾರೆ ಅಂತ ಆಗಲೇ ಬಳಿದು ಹಾಕಿದ್ವಿ. ಮಂಡಕ್ಕಿ ಬೂಂದಿ ಹಂಚಿದ್ರು.

ಅಷ್ಟರಲ್ಲಿ ನಮ್ಮೆಜಮಾನ್ರ ಬಸ್ಸಿನ ಪೂಜೆಗೆ ಟೈಮಾಯ್ತು ಅಂತ ನಾನೂ ಮಾವನೂ ಆ ಕಡೆ ಹೊರಟ್ವಿ. "ನೀವು ಹೋಗ್ರಿ, ಸಾಮಾನು ನಾವು ಎತ್ತಿಡತೀವಿ," ಅಂದ್ರು ಮೇಡಂ. ಅಪಾರ್ಟ್‌ಮೆಂಟಿನ ಹೆಂಗಸರು ನಾಲ್ಕೈದು ಜನ ಸೇರಿ ಎತ್ತಿಟ್ರು. ಎಷ್ಟು ಚೆಂದ ಎತ್ತಿಟ್ರು ಅಂದ್ರೆ, ಉದ್ದದ್ದೆಲ್ಲ ಒಂದು ಕಡೆ, ಗಿಡ್ಡದ್ದೆಲ್ಲ ಒಂದು ಕಡೆ, ಶೋಕೇಸ್ ಥರ. ಕೊಕ್ಕೆಗೆ ಸುತ್ತಿದ್ದ ಬಟ್ಟೆ ಕೊಳಕಾಗಿದೆ ಅಂತ ಕಿತ್ತು ಎಸೆದಿದ್ರು. ಕುಂಕುಮ ಇಟ್ಟ ಕುಡುಗೋಲನ್ನ ಒರೆಯೊಳಗೆ ಯಾಕೆ ಮುಚ್ಚಿಡೋದು ಅಂತ ಒರೆ ಇಲ್ಲದೇ ಮಗ್ಗಿನ ಕೊಕ್ಕೆಗೆ ತೂಗಾಕಿದ್ರು.

ಹಬ್ಬ ಮುಗಿದ ಮೇಲೆ ಬೆಳಗ್ಗೆ ದೋಣಿ ಬಿಟ್ವಿ. ನಾನು ಹತ್ತಿದ ತಕ್ಷಣ ನೋಡಬೇಕಿತ್ತು, ಬಾಡಿದ ಹೂವು ತೆಗೀತಾ ಮುಂದೆ ನಿಂತಿದ್ದೆ. ಒಳಗೆ ನೀರು ಬಂದಿತ್ತು, ಮಾವ ಮಗ್ಗಿಗೆ ಅಂತ ಕೈ ಚಾಚಿ ಭದ್ರವಾಗಿ ಹಿಡಿದ್ರು. ಹಿಡಿದಿದ್ದು ಕುಡುಗೋಲಿನ ಅಲಗು. ಅಂಗೈ ಅಡ್ಡಕ್ಕೆ ಸೀಳಿಹೋಯ್ತು. ಅವರು ಕೂಗಲೂ ಇಲ್ಲ. "ಯಾವನವ್ವಾ ನನ್ ಮಗ್ಗು ಕದ್ದೋನು?" ಅಂದ್ರು ಅಷ್ಟೆ. ತಿರುಗಿ ನೋಡಿದ್ರೆ ಪಂಚೆಯೆಲ್ಲ ರಕ್ತ.

ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಮೇಡಂ ಮನೆಗೆ ಬಂದ್ರು. ಬಂದವರೇ ಕಣ್ಣಲ್ಲಿ ನೀರು. ನನಗೆ ಸಿಟ್ಟು ನೆತ್ತಿಗೇರಿತ್ತು, ಹಿರಿಯರು ಅಂತಾನೂ ನೋಡಲಿಲ್ಲ. "ನಿಮ್ಮ ಮನೆ ಅಡುಗೆಮನೆಗೆ ನುಗ್ಗಿ ನಾನು ಉಪ್ಪಿನ ಡಬ್ಬಿ ಜಾಗಕ್ಕೆ ಫಿನಾಯಿಲ್ ಇಟ್ಟರೆ ಹೆಂಗಿರುತ್ತೆ ಮೇಡಂ?" ಅಂದೆ. ಅವರು ಸಿಟ್ಟಾಗಲಿಲ್ಲ. "ತಪ್ಪು ನಮ್ಮದ ಐತಿ ತಂಗಿ. ಆದ್ರ ನೋಡು, ಒಂದ ಸಾಮಾನು ಜಾಗಾ ಬದಲಾದ್ರ ಇಷ್ಟು ರಕ್ತ. ನನಗ ಹೆದರಿಕಿ ಆಗೇತಿ. ಇನ್ನ ನಿಮ್ಮ ಮಾವನವ್ರು ದೋಣಿ ಹತ್ತೂದು ಬ್ಯಾಡ," ಅಂದ್ರು. ನಾನು ಬಾಯಿ ತೆಗೆಯೋಷ್ಟರಲ್ಲಿ ಮಾವ ಬ್ಯಾಂಡೇಜಿನ ಕೈ ಎತ್ತಿ ನನ್ನ ತಡೆದ್ರು. "ಅಮ್ಮಾ, ಈ ಕೈ ವಾಸಿಯಾಗ್ಲಿ. ಆಮೇಲೆ ಒಂದಿನ ನೀವೇ ದೋಣೀಲಿ ಕುಂತ್ಕಳಿ. ನೀವ್ ಕೇಳಿದ್ದ ನಾನ್ ತಡಕಾಡ್ದೆ ಕೊಡ್ದಿದ್ರೆ ಅವತ್ತೇ ಇಳೀತೀನಿ," ಅಂದ್ರು. ಅಷ್ಟು ದೀನವಾಗಿ ಅವರು ಯಾರನ್ನೂ ಕೇಳಿದ್ದು ನಾನು ನೋಡಿರಲಿಲ್ಲ.

ಕೈ ವಾಸಿಯಾದ ಮೇಲೆ ಮೇಡಂ ಬಂದ್ರು. ಸೀರೆ ಮೇಲೆ ತೇಲೋ ಜಾಕೆಟ್ಟು ಬಿಗಿದುಕೊಂಡು, ಎರಡೂ ಕೈಯಲ್ಲಿ ದೋಣಿ ಅಂಚು ಹಿಡಿದು, "ಶಿವ ಶಿವ" ಅಂತ ನಡುವೆ ಕೂತ್ರು. ನಾನು ಹಿಂದಿನ ದಿನವೇ ಎಲ್ಲಾ ಕೊಕ್ಕೆಗೂ ಅದರದರ ಸಾಮಾನು ಹಾಕಿ, ಹೊಸ ಬಟ್ಟೆ ಸುತ್ತಿ, ಹತ್ತು ಸಲ ಮುಟ್ಟಿ ನೋಡಿದ್ದೆ. ಮಾವ ಗಳ ಊರಿ ಕೆರೆ ನಡುವಿಗೆ ತಂದು ನಿಲ್ಲಿಸಿದ್ರು. ಮೇಡಂ ಥಟ್ಟನೆ, "ಮಗ್ಗ!" ಅಂದ್ರು. ಬಂತು. "ಟವೆಲ್ಲ!" ಬಂತು. "ಹಗ್ಗ!" ಅನ್ನೋದಕ್ಕೂ ಕ್ಯಾನು ಅವರ ಮಡಿಲಿಗೆ ಬೀಳೋದಕ್ಕೂ ಸರಿಹೋಯ್ತು. "ಕುಡಗೋಲ... ಬ್ಯಾಡ ಬ್ಯಾಡ, ಅದನ್ನ ಬಿಡ್ರಿ!" ಅಂತ ಅವರೇ ಕಿರುಚಿದ್ರು. ಮಾವ ಒರೆ ಸಮೇತ ತೆಗೆದು, ಹಿಡಿ ಅವರ ಕಡೆ ತಿರುಗಿಸಿ ಚಾಚಿದ್ರು. ಮೇಡಂ ಸೋತೆ ಅನ್ನೋ ಹಾಗೆ ಕೈ ಮುಗಿದ್ರು. ದಡಕ್ಕೆ ಬಂದಾಗ, "ನಮ್ಮ ಮನ್ಯಾಗ ನನಗ ನನ್ನ ಚಸ್ಮಾನ ಸಿಗೂದಿಲ್ಲ," ಅಂತ ಎಲ್ಲರ ಮುಂದೆ ನಕ್ರು.

ಆವತ್ತು ರಾತ್ರಿ ಊಟಕ್ಕೆ ಮೀನು ತಂದಿದ್ದೆ. ಮಾವ ಎರಡು ಮುದ್ದೆ ಜಾಸ್ತಿ ಉಂಡ್ರು. ಗೆದ್ವಿ ಅಂದುಕೊಂಡ್ವಿ. ನಾವಂದುಕೊಂಡಿದ್ದು ಸುಳ್ಳೂ ಅಲ್ಲ. ದೋಣಿ ಒಳಗಿನ ಪ್ರತಿಯೊಂದರ ಪರೀಕ್ಷೇಲೂ ಅವರು ಪಾಸಾಗಿದ್ರು. ದೋಣಿ ಹೊರಗಿಂದು ಕೇಳಬೇಕು ಅಂತ ಮೇಡಮ್ಮಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.

ಅದಾಗಿ ಸುಮಾರು ದಿನ ಯಾವ ತೊಂದರೇನೂ ಇರಲಿಲ್ಲ. ಅಂತರಗಂಗೆ ಎಳೆದ್ವಿ, ಬಾಟಲಿ, ಥರ್ಮಾಕೋಲು, ಪೂಜೆ ಮಾಡಿ ಎಸೆದ ಕೊಳೆತ ಹಾರ ಎಲ್ಲಾ ಎತ್ತಿದ್ವಿ. ಬಿಸಿಲು ಏರಿದ ಹಾಗೆ ತೇಲೋ ಜಾಕೆಟ್ಟು ಮೈಗೆ ಕಂಬಳಿ ಹೊದ್ದ ಹಾಗೆ ಆಗೋದು. ನಾನು ಬಿಚ್ಚಿ ಅದರ ಕೊಕ್ಕೆಗೆ ತೂಗಾಕ್ತಿದ್ದೆ. ಮೊದಮೊದಲು ಮಧ್ಯಾಹ್ನದ ಮೇಲೆ ಬಿಚ್ಚುತ್ತಿದ್ದೋಳು ಆಮೇಲೆ ಬೆಳಗ್ಗೆಯಿಂದಾನೇ ಹಾಕ್ಕೊಳ್ಳೋದು ಬಿಟ್ಟೆ. ಅದರ ಜಾಗದಲ್ಲಿ ಅದು ನೀಟಾಗಿ ತೂಗ್ತಾ ಇತ್ತಲ್ಲ, ನೋಡಿದ್ರೆ ಎಲ್ಲಾ ಸರಿಯಾಗಿದೆ ಅನ್ನಿಸೋದು.

ಆವತ್ತೂ ಜಾಕೆಟ್ಟು ಕೊಕ್ಕೇಲೇ ಇತ್ತು. ಕೆರೆಯ ಕಂಪನಿ ಗೋಡೆ ಕಡೆಯ ಮೂಲೇಲಿ ಹಿಂದೆ ಹೂಳು ತೆಗೆದ ಗುಂಡಿ ಇದೆ, ಅಲ್ಲಿ ಗಳಕ್ಕೆ ತಳ ಸಿಗಲ್ಲ, ಹುಟ್ಟು ಹಾಕೇ ಹೋಗಬೇಕು. ಅಂತರಗಂಗೆ ಚಾಪೆ ಹಾಸಿದ ಹಾಗೆ ದಪ್ಪಗೆ ಕೂತಿತ್ತು. ಅಂಚಿಗೆ ಮಂಡಿ ಊರಿ, ಎರಡೂ ಕೈಯಲ್ಲಿ ಬೇರು ಹಿಡಿದು ಜಗ್ಗಿದೆ. ಬರಲಿಲ್ಲ. ಇನ್ನೂ ಮುಂದೆ ಬಾಗಿ ಜಗ್ಗಿದೆ. ಬೇರು ಕಿತ್ತು ಬರೋ ಬದಲು ನಾನೇ ಹೋದೆ, ತಲೆ ಮುಂದಾಗಿ.

ನನಗೆ ಅಷ್ಟೋ ಇಷ್ಟೋ ಕೈಕಾಲು ಬಡಿಯೋಕೆ ಬರುತ್ತೆ. ಆದ್ರೆ ಕಾಲಿಗೆ ಬೇರು ಸುತ್ತಿಕೊಂಡ್ರೆ ಬಡಿಯೋದು ಯಾವುದನ್ನ? ಒಂದು ಸಲ ಮೇಲೆ ಬಂದೆ, ಬಾಯಿ ತುಂಬಾ ಕೆರೆ ನೀರು, ಧ್ವನಿ ಬರಲಿಲ್ಲ. ದೋಣಿ ನಾನು ಜಾರಿದ ಏಟಿಗೆ ಅರ್ಧ ತಿರುಗಿ ಆಚೆ ಸರಿದಿತ್ತು. ಅದರಲ್ಲಿ ಮಾವ ನಿಂತಿದ್ರು. ಹಗ್ಗ ಆಗಲೇ ಕೈಲಿತ್ತು. ನಾನು ಬಿದ್ದ ಸದ್ದು ಕೇಳಿದ ತಕ್ಷಣ ಕೈ ಕೊಕ್ಕೆಗೆ ಹೋಗಿ ಹಗ್ಗ ತಂದಿದೆ, ಒಂದು ಚೂರೂ ತಪ್ಪಿಲ್ಲ. ಎಸೆಯೋಕೆ ಸಿದ್ಧವಾಗಿ ಕೈ ಎತ್ತಿಕೊಂಡು ನಿಂತಿದ್ದಾರೆ, ಮುಖ ಆಚೆ ಕಡೆಗೆ.

"ಅವ್ವಾ! ಎಲ್ಲಿದ್ದೀಯವ್ವಾ?"

ತಲೆ ಮೆಲ್ಲಗೆ ಈ ಕಡೆ ತಿರುಗಿಸಿದ್ರು. ಆ ಕೊಳವೆಯಷ್ಟು ನೋಟದಲ್ಲಿ ಇಡೀ ಕೆರೆ ಹುಡುಕಬೇಕು. ಎಲ್ಲಾ ಕಡೆ ಹಸಿರು, ಆ ಹಸಿರಲ್ಲಿ ನನ್ನ ತಲೆ ಒಂದು. ಅವರ ಕಣ್ಣು ನನ್ನ ಮೇಲೇ ಬಂದು, ನನ್ನ ದಾಟಿ, ಹೋಗ್ಬಿಡ್ತು. ನಾನು ನೋಡ್ತಾ ಇದ್ದೆ. ಮತ್ತೆ ಮುಳುಗಿದೆ. ಎರಡನೇ ಸಲ ಮೇಲೆ ಬಂದಾಗ, "ಹೇಳವ್ವಾ, ಒಂದ್ ಮಾತಾಡವ್ವಾ, ಎಲ್ಲಿಗ್ ಎಸೀಲಿ," ಅಂತ ಅಳ್ತಾ ಇದ್ರು. ಗಂಡಸು ಹಂಗೆ ಅಳೋದು ನಾನು ಸಾವಿನ ಮನೇಲೂ ಕೇಳಿಲ್ಲ. ಮಾತು ಬರಲಿಲ್ಲ ನನಗೆ. ಅಂಗೈ ಅಗಲ ಮಾಡಿ ನೀರಿಗೆ ಬಡಿದೆ. ಮತ್ತೆ ಬಡಿದೆ. ಅವರು ಸದ್ದಿನ ಕಡೆ ತಿರುಗಿ ಎಸೆದ್ರು. ಕ್ಯಾನು ನನ್ನ ತಲೆ ಮೇಲಿಂದ ಹಾರಿ ಹಿಂದೆ ಬಿತ್ತು, ಹಗ್ಗ ಭುಜದ ಮೇಲೆ ಬಂತು. ಹಿಡ್ಕೊಂಡೆ. ಎಳೆದ್ರು ನೋಡಿ, ಬೇರಿನ ಸಮೇತ.

ದೋಣೀಲಿ ಬಿದ್ದುಕೊಂಡು ಕೆಮ್ಮಿ ವಾಂತಿ ಮಾಡಿದೆ. ಮಾವ ಪಕ್ಕದಲ್ಲಿ ಕೂತು ನನ್ನ ತಲೆ, ಮುಖ, ಭುಜ ಎಲ್ಲಾ ಮುಟ್ಟಿ ಮುಟ್ಟಿ ನೋಡಿದ್ರು. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಸೊಸೆ ಅಂತ ನನ್ನ ಕೈ ಮುಟ್ಟಿದೋರಲ್ಲ. "ನನಗೇನೂ ಆಗಿಲ್ಲ ಮಾವ, ಜಾಕೆಟ್ ಹಾಕಿಕೊಳ್ಳದೇ ಇದ್ದಿದ್ದು ನನ್ನ ಕರ್ಮ," ಅಂದೆ. ಅವರು ಎದ್ದು ಒದ್ದೆ ಹಗ್ಗ ಸುತ್ತಿ ಅದರ ಕೊಕ್ಕೆಗೆ ಹಾಕಿದ್ರು. ಹುಟ್ಟು ಹಾಕಿ ಗುಂಡಿ ದಾಟಿಸಿ, ಗಳಕ್ಕೆ ತಳ ಸಿಕ್ಕ ಮೇಲೆ ದಡದವರೆಗೂ ಒಂದೇ ಸಮ ತಳ್ಳಿಕೊಂಡು ಬಂದ್ರು.

ದೋಣಿ ಕಟ್ಟಿದ್ರು. ಇಳಿದ್ರು. ಗಳ ನನ್ನ ಕೈಗೆ ಕೊಟ್ರು. ನನಗೆ ಅರ್ಥ ಆಯ್ತು, ಆದ್ರೂ, "ಮಾವ, ಯಾರಿಗೂ ಹೇಳೋದು ಬೇಡ. ನಾಳೆಯಿಂದ ನಾನು ಜಾಕೆಟ್ ಬಿಚ್ಚಲ್ಲ, ನೀವು ಬನ್ನಿ," ಅಂದೆ.

ಅವರು ದೋಣಿ ಕಡೆ ತಿರುಗಿ, ಪೈಪಿನುದ್ದಕ್ಕೂ ಒಂದು ಸಲ ಕೈ ಆಡಿಸಿದ್ರು. ಮಗ್ಗು, ಕುಡುಗೋಲು, ಹಗ್ಗ.

"ಇದ್ರಲ್ಲಿ ಕೈ ಚಾಚಿದ್ರೆ ಎಲ್ಲಾ ಸಿಕ್ತು ಕಣವ್ವಾ," ಅಂದ್ರು. "ನೀನೊಬ್ಳು ಸಿಗ್ನಿಲ್ಲ."

ಆವತ್ತು ಇಳಿದೋರು ಮತ್ತೆ ದೋಣಿ ಹತ್ತಲಿಲ್ಲ. ನಾನೂ ಆಮೇಲೆ "ಹತ್ತಿ" ಅನ್ನಲಿಲ್ಲ.